ವಿಪಿಎನ್ ಹಸಿರು ತೋರಿಸ್ತದ, ಆದ್ರ ಆಫೀಸ್ ಫೋಲ್ಡರ್ ಯಾಕ ತೆರಿವಲ್ದು?

ನಮ್ಮ ಅಕ್ಕನ ಮಗ ಬೆಂಗಳೂರಾಗ ಒಂದು ಕಂಪನಿಯೊಳಗ ಅಕೌಂಟ್ಸ್ ನೋಡ್ಕೋತಾನ. ಅಕ್ಕಗ ಮೊಣಕಾಲು ಆಪರೇಷನ್ ಆಯ್ತು, 2 ತಿಂಗಳು ಕಲಬುರಗಿ ಮನಿಯಿಂದನೇ ಕೆಲಸ ಮಾಡ್ಕೋ ಅಂತ ಆಫೀಸ್ನವ್ರು ಲ್ಯಾಪ್‌ಟಾಪ್ ಕೊಟ್ಟು ಕಳ್ಸಿದ್ರು. ಸೇಡಂ ರೋಡ್ ಮನ್ಯಾಗ 100 ಎಂಬಿಪಿಎಸ್ ಫೈಬರ್ ನೆಟ್ ಅದ, ಮೇಲ್ ಬರ್ತದ, ವಿಡಿಯೋ ಮೀಟಿಂಗ್ ಚಲೋ ನಡೀತದ, ದೂರದಿಂದ ಆಫೀಸ್ ಒಳಗ ಹೋಗ್ಲಾಕ ಹಾಕಿಕೊಟ್ಟ ವಿಪಿಎನ್ ಒತ್ತಿದ್ರ ಕನೆಕ್ಟೆಡ್ ಅಂತ ಹಸಿರು ಬರ್ತದ, ಆದ್ರ ಆಫೀಸ್ ಸರ್ವರ್‌ನಾಗಿನ ಫೋಲ್ಡರ್ ಮಾತ್ರ ತೆರಿವಲ್ದು. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದ್ರ ಅದೇ ಫೋಲ್ಡರ್ ಟಕ್ ಅಂತ ತೆರೀತದ. ಮನಿ ಮಂದಿ ಎಲ್ಲಾ ಸೇರಿ ವೈಫೈ ಕೆಟ್ಟದ ಅಂದ್ರು, ನೆಟ್‌ನವ್ರನ್ನ ಕರ್ಸಿದ್ರು, ಅವ್ರು ಬಂದು ವೈರ್ ತುದಿ ಹೊಸದಾಗಿ ಜೋಡ್ಸಿ ಸ್ಪೀಡ್ ತೋರ್ಸಿ ಹೋದ್ರು. ಸ್ಪೀಡ್ ಪೂರ್ತಿ ಬಂತು, ಫೋಲ್ಡರ್ ಬರ್ಲಿಲ್ಲ.

ಇದ್ರಾಗ ನೆಟ್‌ನವ್ರ ತಪ್ಪೂ ಇರ್ಲಿಲ್ಲ, ಹುಡುಗನ ತಪ್ಪೂ ಇರ್ಲಿಲ್ಲ. ಕಾರಣ ಭಾಳ ಸಣ್ಣದು, ಆದ್ರ ಅದು ತಿಳೀಬೇಕಾದ್ರ ಮನಿ ನೆಟ್‌ನಿಂದ ಆಫೀಸ್ ಒಳಗ ಹೋಗೋದು ಅಂದ್ರ ನಿಜವಾಗ್ಲೂ ಏನು ನಡೀತದ ಅನ್ನೋದು ಗೊತ್ತಿರಬೇಕು. ಬೆಂಗಳೂರು, ಹೈದರಾಬಾದ್, ಪುಣೆ ಕಂಪನಿ ಕೆಲಸಾನ ಕಲಬುರಗಿ, ಬೀದರ್, ಯಾದಗಿರಿ ಮನ್ಯಾಗ ಕುಂತು ಮಾಡೋ ಹುಡುಗ ಹುಡುಗ್ಯಾರು ಈಗ ಓಣಿಗೊಬ್ರು ಇದ್ದಾರ, ಅದಕ್ಕೇ ಇದನ್ನ ಬುಡದಿಂದ ಬರೀಲಕತ್ತೀನಿ.

ಮೇಲ್ ಬರ್ತದ, ಫೋಲ್ಡರ್ ಯಾಕ ಬರಂಗಿಲ್ಲ

ಇಂಟರ್‌ನೆಟ್‌ನಾಗ ಪ್ರತಿ ಮಷೀನಿಗೂ ಒಂದು ನಂಬರ್ ಬೇಕು, ಅದಕ್ಕ ಐಪಿ ಅಡ್ರೆಸ್ ಅಂತಾರ. ಹಳೇ ಪದ್ಧತಿ ಪ್ರಕಾರ ಇಂಥ ನಂಬರ್ ಜಗತ್ತಿಗೆಲ್ಲಾ ಸೇರಿ ಸುಮಾರು 430 ಕೋಟಿ ಅಷ್ಟೇ. ಮನಿಗೆ 5 ಮೊಬೈಲ್, ಒಂದು ಟಿವಿ, ಒಂದು ಕ್ಯಾಮೆರಾ ಅಂತ ಲೆಕ್ಕ ಹಿಡದ್ರ ಇದು ಯಾವ ಮೂಲಿಗೂ ಸಾಲಂಗಿಲ್ಲ. ಅದಕ್ಕ 1996ರಾಗ ಒಂದು ಒಪ್ಪಂದ ಆಯ್ತು. 10ರಿಂದ ಶುರು ಆಗೋ ನಂಬರ್ ಎಲ್ಲಾ, 172.16ರಿಂದ 172.31ರ ತನಕ, ಮತ್ತ 192.168ರಿಂದ ಶುರು ಆಗೋವು, ಇಷ್ಟನ್ನ ಯಾರು ಬೇಕಾದ್ರೂ ತಮ್ಮ ಮನಿ ಒಳಗ, ಆಫೀಸ್ ಒಳಗ ಬಳಸ್ಕೋಬಹುದು, ಆದ್ರ ಹೊರಗಿನ ಇಂಟರ್‌ನೆಟ್‌ನಾಗ ಇವಕ್ಕ ಕಿಮ್ಮತ್ತಿಲ್ಲ. ನಿಮ್ಮ ಮನಿ ರೌಟರ್ ನಿಮ್ಮ ಮೊಬೈಲಿಗೆ 192.168.1.5 ಅಂತ ಕೊಟ್ಟಿರ್ತದ, ಪಕ್ಕದ ಮನಿ ರೌಟರೂ ಅವ್ರ ಮೊಬೈಲಿಗೆ ಅದನ್ನೇ ಕೊಟ್ಟಿರ್ತದ, ಒಬ್ರಿಗೊಬ್ರು ಸಂಬಂಧ ಇಲ್ಲ. ಹೊರಗ ಹೋಗೋ ಮುಂದ ರೌಟರ್ ತನ್ನ ಹೊರಗಿನ ನಂಬರ್ ಹಚ್ಚಿ ಕಳಸ್ತದ.

ಕಂಪನಿ ಮೇಲ್, ಮೀಟಿಂಗ್ ಇವೆಲ್ಲಾ ಈಗ ಹೆಚ್ಚಾಗಿ ಹೊರಗಿನ ಕ್ಲೌಡ್‌ನಾಗ ಇರ್ತಾವ, ಅವಕ್ಕ ಹೊರಗಿನ ನಂಬರ್ ಅದ, ಹಂಗಾಗಿ ಎಲ್ಲಿಂದ ಬೇಕಾದ್ರೂ ಸಿಗ್ತಾವ. ಆದ್ರ ಅಕೌಂಟ್ಸ್ ಫೈಲ್ ಇಟ್ಟಿರೋ ಸರ್ವರ್, ಪಗಾರದ ಸಾಫ್ಟ್‌ವೇರ್, ಇವು ಆಫೀಸ್ ಒಳಗಿನ ನಂಬರ್ ಇಟ್ಕೊಂಡು ಒಳಗೇ ಕುಂತಿರ್ತಾವ, ಬೇಕಂತನೇ ಹಂಗ ಇಟ್ಟಿರ್ತಾರ. ಬೀದರ್ ಕೋಟಿ ನೋಡಿದವ್ರಿಗೆ ಇದು ಲಗೂನ ತಿಳೀತದ. ಸುತ್ತ ಕಂದಕ, ಒಳಗ ಹೋಗ್ಲಾಕ ಲೆಕ್ಕದ ದರವಾಜಾ, ಶರ್ಜಾ ದರವಾಜಾ ದಾಟಿ ಗುಂಬಜ್ ದರವಾಜಾ ದಾಟಿನೇ ಒಳಗ ಹೋಗಬೇಕು. ಆಫೀಸಿನ ಫೈರ್‌ವಾಲ್ ಅಂದ್ರ ಅದೇ ಕಂದಕ, ಅದೇ ದರವಾಜಾ.

ಈಗ ನಿಮ್ಮ ಹುಡುಗ 600 ಕಿಲೋಮೀಟರ್ ದೂರ ಮನ್ಯಾಗ ಕುಂತಾನ, ಒಳಗಿನ ಮನುಷ್ಯಾ ಅಂತ ಹ್ಯಾಂಗ ತೋರಸ್ಬೇಕು? ಆ ವ್ಯವಸ್ಥಾಕ್ಕೇ ವಿಪಿಎನ್ ಅಂತಾರ, ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್.

ಲಕೋಟಿ ಒಳಗ ಲಕೋಟಿ

ಸರ್ಕಾರಿ ಆಫೀಸಿನ ಟಪಾಲ್ ನೆನಪು ಮಾಡ್ಕೋರಿ. ಲೆಕ್ಕಪತ್ರ ಶಾಖೆಯ 3ನೇ ಟೇಬಲ್‌ಗೆ ಅಂತ ಮ್ಯಾಲ ಬರದು ಅಂಚೆ ಡಬ್ಬಿಗೆ ಹಾಕಿದ್ರ ಅಂಚೆಯವ್ರಿಗೆ ಏನ್ ತಿಳೀತದ? ಅದಕ್ಕ ಆ ಚೀಟಿನ ಒಂದು ದೊಡ್ಡ ಲಕೋಟಿಯೊಳಗ ಹಾಕಿ ಮ್ಯಾಲ ಆಫೀಸಿನ ಪೂರ್ತಿ ವಿಳಾಸ ಬರೀತಾರ, ಅದು ಅಲ್ಲಿ ಆವಕ ಶಾಖೆಗೆ ಹೋಗ್ತದ, ಅವ್ರು ಒಡದು ಒಳಗಿನ ಚೀಟಿನ ಆ ಟೇಬಲ್‌ಗೆ ಮುಟ್ಟಸ್ತಾರ.

ವಿಪಿಎನ್ ಮಾಡೋದು ಖರೇನ ಇಷ್ಟೇ. ಲ್ಯಾಪ್‌ಟಾಪ್ ಆಫೀಸ್ ಒಳಗಿನ ನಂಬರಿಗೆ ಒಂದು ಪ್ಯಾಕೆಟ್, ಅಂದ್ರ ಡೇಟಾದ ಸಣ್ಣ ಗಂಟು, ತಯಾರ್ ಮಾಡ್ತದ, ವಿಪಿಎನ್ ಸಾಫ್ಟ್‌ವೇರ್ ಅದನ್ನ ಬೀಗ ಹಾಕಿ, ಅಂದ್ರ ಎನ್‌ಕ್ರಿಪ್ಟ್ ಮಾಡಿ, ಇನ್ನೊಂದು ಪ್ಯಾಕೆಟಿನ ಒಳಗ ತುಂಬಿ ಮ್ಯಾಲ ಆಫೀಸ್ ದರವಾಜಾದ ಹೊರಗಿನ ನಂಬರ್ ಹಚ್ತದ. ಆ ದರವಾಜಾದ ಮಷೀನಿಗೆ ಗೇಟ್‌ವೇ ಅಂತಾರ. ಅದು ಹೊರಗಿನ ಲಕೋಟಿ ಒಡದು, ಬೀಗ ತೆಗದು, ಒಳಗಿನದನ್ನ ಸರ್ವರಿಗೆ ಕೊಡ್ತದ, ಉತ್ತರ ಬಂದ್ರ ಮತ್ತ ಹಂಗೇ ಲಕೋಟಿಗೆ ಹಾಕಿ ನಿಮ್ಮ ಕಡೆ ಕಳಸ್ತದ. ನಡುವಿನ ನೆಟ್ ಕಂಪನಿಯವ್ರಿಗೆ ಕಾಣೋದು ಇಂಥಾ ಮನಿಯಿಂದ ಇಂಥಾ ಗೇಟ್‌ವೇಗೆ ಇಷ್ಟು ಡೇಟಾ ಹೋಯ್ತು ಅಂತ, ಒಳಗ ಏನ್ ಬರದದ ಅಂತ ಕಾಣಂಗಿಲ್ಲ.

ಇದಕ್ಕ ಟನೆಲ್, ಅಂದ್ರ ಸುರಂಗ ಅಂತಾನೂ ಅಂತಾರ. ನಮ್ಮ ಕಡಿ ಮಂದಿಗೆ ಸುರಂಗ ಅಂದ್ರ ಬೀದರ್ ನೌಬಾದಿನ ಕರೇಜ್ ನೆನಪಾಗ್ತದ, ಬಹಮನಿ ಕಾಲದಾಗ ನೆಲದ ಒಳಗ ಕೊರದು ನೀರು ಹರಿಸಿದ ಸುರಂಗ ಬಾವಿ, ಮ್ಯಾಲ ನಡ್ಯಾವಂಗ ಕೆಳಗ ನೀರು ಹರೀತದ ಅನ್ನೋದೇ ಗೊತ್ತಾಗಂಗಿಲ್ಲ. ಹೋಲಿಕಿ ಚಂದ ಅದ, ಆದ್ರ ಒಂದು ಕಡೆ ತಪ್ಪು ದಾರಿಗೆ ಒಯ್ತದ. ಕರೇಜ್ ಬ್ಯಾರೆನೇ ದಾರಿ, ವಿಪಿಎನ್ ಬ್ಯಾರೆ ದಾರಿ ಅಲ್ಲ. ನಿಮ್ಮ ಮನಿ ಅದೇ ವೈರ್, ಅದೇ ರಸ್ತಾ. ಎಟಿಎಂಗೆ ರೊಕ್ಕ ಒಯ್ಯೋ ಬೀಗದ ವ್ಯಾನ್ ನೋಡೀರಲ್ಲ, ಒಳಗ ಏನದ ಅಂತ ಯಾರಿಗೂ ಕಾಣಂಗಿಲ್ಲ, ಯಾರೂ ಕೈ ಹಾಕ್ಲಾಕ ಬರಂಗಿಲ್ಲ, ಆದ್ರ ಜಗತ್ ಸರ್ಕಲ್‌ನಾಗ ಜಾಮ್ ಆದ್ರ ಆಟೋ ಜೋಡಿ ಅದೂ ನಿಂತಿರ್ತದ. ವಿಪಿಎನ್ ಹಚ್ಚಿದ್ರ ನೆಟ್ ಫಾಸ್ಟ್ ಆಗ್ತದ ಅಂತ ಭಾಳ ಮಂದಿ ತಿಳ್ಕೊಂಡಾರ, ಬೀಗ ಹಾಕಿ ಲಕೋಟಿ ಸುತ್ತೋ ಕೆಲಸ ಹೆಚ್ಚಾಗೋದ್ರಿಂದ ಸಾಮಾನ್ಯವಾಗಿ ಒಂದಿಷ್ಟು ನಿಧಾನನೇ ಆಗ್ತದ.

ದರವಾಜಾದಾಗ ಏನ್ ಕೇಳ್ತಾರ

ಕನೆಕ್ಟ್ ಒತ್ತಿದ ಮ್ಯಾಲ ಹಸಿರು ಬರೋ ತನಕ ಕೆಲವು ಸೆಕೆಂಡ್ ಹಿಡೀತದ, ಅಷ್ಟ್ರಾಗ ಭಾಳ ಮಾತುಕತಿ ನಡೀತದ. ಮೊದ್ಲು ಗೇಟ್‌ವೇ ತನ್ನ ಗುರುತು ತೋರಸ್ತದ, ಅದು ಡಿಜಿಟಲ್ ಸರ್ಟಿಫಿಕೇಟ್, ನಡು ಯಾರೋ ನಾನೇ ನಿಮ್ಮ ಆಫೀಸ್ ಅಂತ ಸುಳ್ಳು ಹೇಳಬಾರ್ದಲ್ಲ. ಆಮ್ಯಾಲ ನೀವು ಯೂಸರ್ ನೇಮ್, ಪಾಸ್‌ವರ್ಡ್ ಕೊಡ್ತೀರಿ, ಮ್ಯಾಲೊಂದು ಒಟಿಪಿ ಕೇಳ್ತದ. ಇದ್ರ ನಡೂನೇ ಎರಡೂ ಕಡಿಯವ್ರು ಸೇರಿ ಈ ಸಲಕ್ಕ ಅಂತನೇ ಒಂದು ಹೊಸ ಕೀಲಿ ತಯಾರ್ ಮಾಡ್ಕೋತಾರ. ಕಡೀಗೆ ಗೇಟ್‌ವೇ ನಿಮ್ಮ ಲ್ಯಾಪ್‌ಟಾಪಿಗೆ ಆಫೀಸ್ ಒಳಗಿನ ಒಂದು ನಂಬರ್ ಕೊಟ್ಟು, ಇಂಥಿಂಥಾ ನಂಬರ್ ಬೇಕಾದ್ರ ಸುರಂಗದಾಗ ಬಾ ಅಂತ ದಾರಿಪಟ್ಟಿ ಕೊಡ್ತದ.

ಇಲ್ಲೊಂದು ಸಣ್ಣ ಮಾತು. ಮೊಬೈಲ್ ಆ್ಯಪ್‌ನಾಗ 6 ಅಂಕಿ ಬದಲಾಗ್ತಾ ಇರೋ ಒಟಿಪಿ ಇರ್ತದಲ್ಲ, ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಗಡಿಯಾರ ನೋಡಿನೇ ಲೆಕ್ಕ ಹಾಕಿ ಹುಟ್ಟೋ ನಂಬರ್, ಮೊಬೈಲ್ ಟೈಮ್ ತಪ್ಪಿದ್ರ ಒಟಿಪಿ ಸರಿ ಹೊಂದಂಗಿಲ್ಲ. ಸರ್ಟಿಫಿಕೇಟಿಗೂ ಇಂಥ ತಾರೀಖಿನಿಂದ ಇಂಥ ತಾರೀಖಿನ ತನಕ ಅಂತ ಇರ್ತದ. ಹಳೇ ಲ್ಯಾಪ್‌ಟಾಪ್ ಭಾಳ ದಿನ ಬಂದ್ ಇಟ್ಟು ಒಳಗಿನ ಸಣ್ಣ ಬ್ಯಾಟರಿ ಸತ್ತು ತಾರೀಖು ಹಿಂದ ಹೋಗಿದ್ರ ವಿಪಿಎನ್ ಕನೆಕ್ಟ್ ಆಗಂಗಿಲ್ಲ, ಪಾಸ್‌ವರ್ಡ್ ಎಷ್ಟು ಸಲ ಬದಲು ಮಾಡಿದ್ರೂ ಆಗಂಗಿಲ್ಲ. ಮೊದ್ಲು ಟೈಮ್ ನೋಡ್ರಿ.

ಒಟಿಪಿ ಕಿರಿಕಿರಿ ಅನ್ನಸ್ತದ ಖರೇ. 2021ರಾಗ ಅಮೆರಿಕಾದ ಕಲೋನಿಯಲ್ ಪೈಪ್‌ಲೈನ್ ಅನ್ನೋ ದೊಡ್ಡ ಇಂಧನ ಕಂಪನಿ ಒಳಗ ಕಳ್ಳರು ಹೊಕ್ಕಿದ್ದು ಒಂದು ಹಳೇ, ಬಳಸದೇ ಬಿಟ್ಟ ವಿಪಿಎನ್ ಅಕೌಂಟಿನಿಂದ. ಪಾಸ್‌ವರ್ಡ್ ಹ್ಯಾಂಗೋ ಹೊರಗ ಬಿದ್ದಿತ್ತು, ಎರಡನೇ ಬೀಗ ಇರ್ಲಿಲ್ಲ, ಕಂಪನಿ ತನ್ನ ಪೈಪ್‌ಲೈನ್ ಅನ್ನೇ ದಿನಗಟ್ಟಲೆ ಬಂದ್ ಮಾಡಬೇಕಾಯ್ತು. ಕೆಲಸ ಬಿಟ್ಟವ್ರ ಅಕೌಂಟ್ ಅದೇ ದಿನ ತಗೀಬೇಕು ಅಂತ ಐಟಿಯವ್ರು ಹಟ ಹಿಡಿಯೋದು ಇದಕ್ಕೇ.

ಪೂರ್ತಿ ಸುರಂಗ, ಅರ್ಧ ಸುರಂಗ

ಕೆಲವು ಕಂಪನಿ ಲ್ಯಾಪ್‌ಟಾಪಿನ ಎಲ್ಲಾ ನೆಟ್ ಸುರಂಗದಾಗೇ ಹೋಗಬೇಕು ಅಂತ ಇಟ್ಟಿರ್ತಾರ. ಆಗ ನೀವು ಕಲಬುರಗಿಯಾಗ ಕುಂತು ಒಂದು ವಿಡಿಯೋ ನೋಡಿದ್ರೂ ಅದು ಬೆಂಗಳೂರು ಆಫೀಸಿಗೆ ಬಂದು ಅಲ್ಲಿಂದ ಮನಿಗೆ ಬರ್ತದ, ನೀವು ಯಾವ ಸೈಟ್ ನೋಡಿದ್ರಿ ಅಂತ ಆಫೀಸಿಗೆ ಗೊತ್ತಾಗ್ತದ. ಇನ್ನು ಕೆಲವ್ರು ಆಫೀಸ್ ನಂಬರಿಗೆ ಹೋಗೋದು ಮಾತ್ರ ಸುರಂಗದಾಗ, ಉಳದದ್ದು ನೇರ ಹೊರಗ ಅಂತ ಇಟ್ಟಿರ್ತಾರ, ಇದಕ್ಕ ಸ್ಪ್ಲಿಟ್ ಟನೆಲ್ ಅಂತ ಹೆಸರು. ನಮ್ಮ ಹುಡುಗನದು ಎರಡನೇ ಥರದ್ದು, ಇದನ್ನ ನೆನಪಿಟ್ಕೋರಿ.

100 ಎಂಬಿಪಿಎಸ್ ಇದ್ದೂ ನಿಧಾನ ಯಾಕ

ಇದು ಎಲ್ಲಾರೂ ಕೇಳೋ ಪ್ರಶ್ನೆ. ಸ್ಪೀಡ್ ಅಂತ ನಾವು ಅನ್ನೋದು ರಸ್ತಾ ಎಷ್ಟು ಅಗಲ ಅದ ಅನ್ನೋದು. ರಸ್ತಾ ಎಷ್ಟು ಉದ್ದ ಅದ ಅನ್ನೋದು ಬ್ಯಾರೆ ಲೆಕ್ಕ. ಫೈಬರ್ ಒಳಗ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗ್ತದ, ಅಂದ್ರ 600 ಕಿಲೋಮೀಟರ್ ಹೋಗಿ ಬರ್ಲಾಕ ಕಡಿಮಿ ಅಂದ್ರೂ 6 ಮಿಲಿಸೆಕೆಂಡ್. ವೈರ್ ಸೀದಾ ಹೋಗಂಗಿಲ್ಲ, ನಡು ಹತ್ತಾರು ಮಷೀನ್ ಇರ್ತಾವ, ಒಮ್ಮೊಮ್ಮೆ ಡೇಟಾ ಮುಂಬೈ ಕಡೆ ಸುತ್ತಿ ಬರ್ತದ, ಹಂಗಾಗಿ 40 ಮಿಲಿಸೆಕೆಂಡ್ ಅಂತ ಹಿಡ್ಕೋರಿ. ಕಣ್ಣು ಪಿಳುಕಿಸೋದಕ್ಕಿಂತ ಕಡಿಮಿ ಹೊತ್ತು, ಏನೂ ಅನ್ನಸಂಗಿಲ್ಲ. ಆದ್ರ ಆಫೀಸಿನ ಫೈಲ್ ಸರ್ವರ್, ಹಳೇ ಅಕೌಂಟ್ಸ್ ಸಾಫ್ಟ್‌ವೇರ್, ಇವು ಒಂದು ಫೈಲ್ ತೆಗೀಲಾಕ ನೂರಾರು ಸಲ ಕೇಳಿ ಹೇಳಿ ಮಾಡ್ತಾವ, ಫೈಲ್ ಅದ ಏನು, ಅದ, ತೆಗೀಲಿ ಏನು, ತೆಗಿ, ಮೊದಲ ತುಂಡು ಕೊಡು, ತಗೋ, ಮುಂದಿಂದು ಕೊಡು. ಇಂಥವು 1000 ಸಲ ಆದ್ವು ಅಂತ ಹಿಡದ್ರ ಆಫೀಸ್ ಒಳಗ 1 ಮಿಲಿಸೆಕೆಂಡಿನಂಗ 1 ಸೆಕೆಂಡಿಗೆ ಮುಗೀತದ, ಮನಿಯಿಂದ 40 ಸೆಕೆಂಡ್ ಹಿಡೀತದ. ನೀವು 100ರ ಬದ್ಲಿ 300 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ರೂ ಆ 40 ಸೆಕೆಂಡ್ ಕಡಿಮಿ ಆಗಂಗಿಲ್ಲ, ರೊಕ್ಕ ಅಷ್ಟೇ ಹೋಗ್ತದ. ಇದನ್ನ ನಾನು ಭಾಳ ಮಂದಿಗೆ ಹೇಳೀನಿ.

ಇದಕ್ಕ ದಾರಿ ಅಂದ್ರ ರಿಮೋಟ್ ಡೆಸ್ಕ್‌ಟಾಪ್. ಫೈಲ್ ಮನಿಗೆ ತರೋದೇ ಬ್ಯಾಡ, ಆಫೀಸ್ ಒಳಗಿನ ಒಂದು ಕಂಪ್ಯೂಟರ್ ಮ್ಯಾಲೇ ಕೆಲಸ ಮಾಡ್ರಿ, ಮನಿಗೆ ಸ್ಕ್ರೀನಿನ ಚಿತ್ರ ಬರ್ತದ, ಮನಿಯಿಂದ ಕೀಬೋರ್ಡ್ ಮೌಸ್ ಹೋಗ್ತದ. ಆ 1000 ಮಾತುಕತಿ ಎಲ್ಲಾ ಅಲ್ಲೇ ಒಳಗೇ ನಡೀತದ. ವಿಪಿಎನ್ ಮ್ಯಾಲ ಇದನ್ನ ಹಚ್ಕೊಂಡ್ರ ಸಾಧಾರಣ ನೆಟ್‌ನಾಗೂ ಕೆಲಸ ನಡೀತದ.

ಲೋಡ್ ಲಾರಿ, ಕೆಳ ಸೇತುವಿ

ಇನ್ನೊಂದು ವಿಚಿತ್ರ ತೊಂದ್ರಿ ಅದ. ವಿಪಿಎನ್ ಕನೆಕ್ಟ್ ಆಗ್ತದ, ಫೋಲ್ಡರ್ ಹೆಸರೂ ಕಾಣ್ತಾವ, ಸಣ್ಣ ಫೈಲ್ ಬರ್ತದ, ದೊಡ್ಡ ಫೈಲ್ ತೆಗದ್ರ ಅಲ್ಲೇ ನಿಂತು ಬಿಡ್ತದ. ಪ್ಯಾಕೆಟಿಗೆ ಒಂದು ಗರಿಷ್ಠ ಅಳತಿ ಇರ್ತದ, ಸಾಮಾನ್ಯವಾಗಿ 1500 ಬೈಟ್, ಇದಕ್ಕ ಎಂಟಿಯು ಅಂತಾರ. ಯೂಸರ್ ನೇಮ್ ಪಾಸ್‌ವರ್ಡ್ ರೌಟರಿನಾಗ ಹಾಕೋ ಪಿಪಿಪಿಒಇ ಅನ್ನೋ ಪದ್ಧತಿ ಇದ್ರ ಅದ್ರಾಗ 8 ಬೈಟ್ ಹೋಗಿ 1492 ಉಳೀತದ. ಇದ್ರ ಮ್ಯಾಲ ವಿಪಿಎನ್ ಲಕೋಟಿ ಸುತ್ತಿದ್ರ ಪ್ಯಾಕೆಟ್ ಇನ್ನೂ ದಪ್ಪ ಆಗ್ತದ. ತೊಗರಿ ಚೀಲ ಸೇತುವಿ ಎತ್ತರ ನೋಡಿನೇ ಏರಿಸಿರ್ತಾರ, ಆಮ್ಯಾಲ ಮ್ಯಾಲ ತಾಡಪತ್ರಿ ಕಟ್ಟಿದ್ರ ಲಾರಿ ರೈಲ್ವೆ ಕೆಳ ಸೇತುವಿಗೆ ಹತ್ತಿ ನಿಲ್ತದಲ್ಲ, ಹಂಗ. ಸಣ್ಣ ಟಂಟಂ ಸಲೀಸಾಗಿ ಹೋಗ್ತದ, ಅದಕ್ಕೇ ಸಣ್ಣ ಫೈಲ್ ಬರೋದು. ಐಟಿಯವ್ರಿಗೆ 'ಸಣ್ಣದು ಬರ್ತದ, ದೊಡ್ಡದು ನಿಲ್ತದ' ಅಂತ ಇದೇ ಮಾತಿನಾಗ ಹೇಳ್ರಿ, ತಿಳದವ್ರಿದ್ರ ಎಂಟಿಯು 1400ರ ಹತ್ರ ಇಳಿಸಿ ನೋಡ್ತಾರ.

ಕರೆಂಟಿನದು ನಿಮಗ ಹೇಳೋದೇ ಬ್ಯಾಡ. ಇನ್ವರ್ಟರ್ ಇದ್ರೂ ಅದು ಬದಲಾಗೋ ಮುಂದ ಒಂದು ಕ್ಷಣ ರೌಟರ್ ಆರಿದ್ರ ಸುರಂಗ ಕಡೀತದ, ಮತ್ತ ಒಟಿಪಿಯಿಂದ ಶುರು. ರೌಟರಿಗೆ ಅಂತನೇ ಸಣ್ಣ 12 ವೋಲ್ಟ್ ಯುಪಿಎಸ್ ಬರ್ತದ, ಫೈಬರ್ ಡಬ್ಬಿ ಬ್ಯಾರೆ ರೌಟರ್ ಬ್ಯಾರೆ ಇದ್ರ ಎರಡಕ್ಕೂ ಹಚ್ರಿ, ಒಂದಕ್ಕೇ ಹಚ್ಚಿದ್ರ ಉಪಯೋಗ ಇಲ್ಲ.

ನಮ್ಮ ಅಂಗಡಿ ಕಂಪ್ಯೂಟರ್ ಮನಿಯಿಂದ ನೋಡಬೇಕು ಅಂದ್ರ

ಇದು ದಾಲ್ ಮಿಲ್ ಇದ್ದವ್ರು, ದೊಡ್ಡ ಅಂಗಡಿ ಇದ್ದವ್ರು ಕೇಳೋದು. ಮಿಲ್‌ನಾಗಿನ ಕಂಪ್ಯೂಟರಿನಾಗ ಟ್ಯಾಲಿ ಅದ, ರಾತ್ರಿ ಮನ್ಯಾಗ ಕುಂತು ಲೆಕ್ಕ ನೋಡಬೇಕು. ಯಾರೋ ಬಂದು ರೌಟರಿನಾಗ 3389 ಅನ್ನೋ ಪೋರ್ಟ್, ಅಂದ್ರ ಒಂದು ಬಾಗಿಲು, ತೆರದು ರಿಮೋಟ್ ಡೆಸ್ಕ್‌ಟಾಪ್ ಸೀದಾ ಇಂಟರ್‌ನೆಟ್ಟಿಗೆ ಬಿಟ್ಟು ಹೋಗ್ತಾರ, ಕೆಲಸ ಆಗ್ತದ, ಮಾಲಕರಿಗೆ ಖುಷಿ. ಇದನ್ನ ದಯವಿಟ್ಟು ಮಾಡ್ಸಬ್ಯಾಡ್ರಿ. ಇಂಥಾ ತೆರದ ಬಾಗಿಲು ಹುಡುಕೋ ಪ್ರೋಗ್ರಾಂ ಹಗಲೂ ರಾತ್ರಿ ಇಡೀ ಇಂಟರ್‌ನೆಟ್ ಬಡೀತಾ ಇರ್ತಾವ, ಒಳಗ ಹೊಕ್ಕು ಎಲ್ಲಾ ಫೈಲಿಗೂ ಬೀಗ ಹಾಕಿ ರೊಕ್ಕ ಕೇಳ್ತಾರ. 2019ರಾಗ ಹಳೇ ವಿಂಡೋಸ್‌ನಾಗಿನ ಇದೇ ರಿಮೋಟ್ ಡೆಸ್ಕ್‌ಟಾಪಿನಾಗ ಬ್ಲೂಕೀಪ್ ಅನ್ನೋ ದೋಷ ಸಿಕ್ಕಿತ್ತು, ಪಾಸ್‌ವರ್ಡ್ ಇಲ್ಲದೇನೇ ಒಳಗ ಬರ್ಲಾಕ ಬರ್ತಿತ್ತು, ಮೈಕ್ರೋಸಾಫ್ಟ್‌ನವ್ರು ತಾವೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ದುರಸ್ತಿ ಕೊಡಬೇಕಾಯ್ತು, ಅಷ್ಟು ಗಂಭೀರ ಇತ್ತು.

ಇಂಥಲ್ಲಿ ಸಣ್ಣ ವಿಪಿಎನ್ ಹಾಕ್ಸೋದೇ ಸರಿ. ವಿಪಿಎನ್‌ನಾಗೂ ಬ್ಯಾರೆ ಬ್ಯಾರೆ ಥರ ಅವ. ಐಪಿಸೆಕ್, 2001ರಿಂದ ಇರೋ ಓಪನ್‌ವಿಪಿಎನ್, ಇವು ಹಳೇವು, ಗಟ್ಟಿ. ವೈರ್‌ಗಾರ್ಡ್ ಹೊಸದು, 2020ರ ಮಾರ್ಚ್‌ನಾಗ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮಿನ 5.6ನೇ ಆವೃತ್ತಿ ಒಳಗೇ ಸೇರ್ತು, ಹಚ್ಚೋದು ಹಗುರ, ಸರಿಯಾದ ಕೀಲಿ ಇಲ್ಲದವ್ರು ಬಾಗಿಲು ಬಡದ್ರ ಅದು ಉತ್ತರಾನೇ ಕೊಡಂಗಿಲ್ಲ, ಅಲ್ಲಿ ಬಾಗಿಲು ಅದ ಅಂತನೂ ಗೊತ್ತಾಗಂಗಿಲ್ಲ. 90ರ ದಶಕದ ಪಿಪಿಟಿಪಿ ಯಾರಾದ್ರೂ ಹಾಕ್ತೀನಿ ಅಂದ್ರ ಬ್ಯಾಡ ಅನ್ರಿ, ಅದರ ಬೀಗ ಮುರದು ಭಾಳ ವರ್ಷ ಆಯ್ತು.

ಇಲ್ಲೊಂದು ಗಂಟು ಅದ. ಮನಿಯಿಂದ ಮಿಲ್ಲಿಗೆ ಹೋಗಬೇಕಾದ್ರ ಮಿಲ್ಲಿಗೆ ಒಂದು ಹೊರಗಿನ ನಂಬರ್ ಇರಬೇಕು. ನಂಬರ್ ಸಾಲದ್ದಕ್ಕ ಈಗ ಭಾಳ ನೆಟ್ ಕಂಪನಿ ಒಂದೇ ಹೊರಗಿನ ನಂಬರನ್ನ ನೂರಾರು ಮನಿಗೆ ಹಂಚತಾರ, ಇದಕ್ಕ ಸಿಜಿನ್ಯಾಟ್ ಅಂತಾರ. ಅಪಾರ್ಟ್‌ಮೆಂಟಿಗೆಲ್ಲಾ ಒಂದೇ ಲ್ಯಾಂಡ್‌ಲೈನ್ ಇದ್ದಂಗ, ಹೊರಗ ಫೋನ್ ಹಚ್ಲಾಕ ಬರ್ತದ, ಹೊರಗಿನವ್ರು ನಿಮ್ಮ ಮನಿಗೇ ಅಂತ ಹಚ್ಲಾಕ ಬರಂಗಿಲ್ಲ. ರೌಟರಿನ ವ್ಯಾನ್ ಐಪಿ, ಅಂದ್ರ ಹೊರಗಿನ ಕಡಿ ನಂಬರ್, ಅನ್ನೋ ಜಾಗದಾಗ 100.64ರಿಂದ 100.127ರ ನಡು ನಂಬರ್ ಕಂಡ್ರ ನೀವು ಅದ್ರ ಕೆಳಗ ಇದ್ದೀರಿ ಅಂತ ಅರ್ಥ. ಆಗ ನೆಟ್ ಕಂಪನಿಗೆ ಸ್ಟ್ಯಾಟಿಕ್ ಪಬ್ಲಿಕ್ ಐಪಿ, ಅಂದ್ರ ಬದಲಾಗದ ಹೊರಗಿನ ನಂಬರ್, ಕೇಳಬೇಕು, ಇಲ್ಲಾಂದ್ರ ಹೊರಗ ಒಂದು ಸಣ್ಣ ಸರ್ವರ್ ಬಾಡಗಿಗೆ ತಗೊಂಡು ಮಿಲ್ಲೂ ಮನಿಯೂ ಎರಡೂ ಅದಕ್ಕ ಬಂದು ಕೂಡಬೇಕು. ಕಂಪನಿ ನೌಕರರಿಗೆ ಈ ತೊಂದ್ರಿ ಇಲ್ಲ, ಅವ್ರು ಹೊರಗ ಹೋಗೋರು ಅಷ್ಟೇ.

ಮೊಬೈಲಿನ ಫ್ರೀ ವಿಪಿಎನ್ ಆ್ಯಪ್ ಇದಕ್ಕ ಬರಂಗಿಲ್ಲ. ಅವು ನಿಮ್ಮನ್ನ ಯಾವುದೋ ಹೊರದೇಶದ ಕಂಪನಿ ಸರ್ವರಿಗೆ ಒಯ್ತಾವ, ನಿಮ್ಮ ಆಫೀಸಿಗೆ ಅಲ್ಲ. 2022ರ ಏಪ್ರಿಲ್‌ನಾಗ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ತಂದ ನಿಯಮದಾಗ ವಿಪಿಎನ್ ಸೇವಾ ಕೊಡೋವ್ರು ಗ್ರಾಹಕರ ವಿವರ 5 ವರ್ಷ ಇಡಬೇಕು ಅಂತ ಬಂತು, ಆಗ ನಮ್ಮ ಆಫೀಸ್ ವಿಪಿಎನ್ ಬಂದ್ ಆಗ್ತದ ಏನು ಅಂತ ಕೇಳ್ದವ್ರಿದ್ರು. ಕಂಪನಿ ತನ್ನ ನೌಕರರಿಗೆ ಇಟ್ಟ ವಿಪಿಎನ್‌ಗೆ ಅದು ಹತ್ತಂಗಿಲ್ಲ ಅಂತ ಆಮ್ಯಾಲ ಅವ್ರೇ ಸ್ಪಷ್ಟ ಮಾಡಿದ್ರು.

ಎರಡು ಕಮಲಾಪುರ

ಈಗ ಅಕ್ಕನ ಮಗನ ಫೋಲ್ಡರ್. ಕಲಬುರಗಿ ಬಸ್ ಸ್ಟ್ಯಾಂಡಿನಾಗ ನಿಂತು ಕಮಲಾಪುರಕ್ಕ ಹೋಗಬೇಕು ಅಂದ್ರ ಎಲ್ಲಾರೂ ಹುಮನಾಬಾದ್ ಕಡಿ ಬಸ್ ತೋರಸ್ತಾರ, ಕೆಂಪು ಬಾಳಿಹಣ್ಣಿನ ಕಮಲಾಪುರ. ಹಂಪಿ ಹತ್ರನೂ ಒಂದು ಕಮಲಾಪುರ ಅದ, ನಿಮಗ ಬೇಕಾಗಿದ್ದು ಅದೇ ಇದ್ರೂ ಇಲ್ಲಿ ಯಾರಿಗೂ ಅದು ತಲಿಗೇ ಬರಂಗಿಲ್ಲ, ಹತ್ರದ್ದೇ ತೋರಸ್ತಾರ.

ಅಂವನ ಆಫೀಸ್ ಸರ್ವರ್ ನಂಬರ್ 192.168.1.20. ಮನಿ ರೌಟರ್ ಕಂಪನಿಯಿಂದ ಬರೋ ಮುಂದನೇ 192.168.1 ಸಾಲಿನ ನಂಬರ್ ಇಟ್ಕೊಂಡು ಬಂದಿತ್ತು, ಭಾಳ ರೌಟರ್ ಹಂಗೇ ಬರ್ತಾವ. ಲ್ಯಾಪ್‌ಟಾಪ್ 192.168.1.20 ಅಂದ ತಕ್ಷಣ ಓ ಇದು ನಮ್ಮ ಮನಿ ಸಾಲಿನದೇ ಅಂತ ತಿಳ್ಕೊಂಡು ಮನ್ಯಾಗೇ ಹುಡುಕ್ತಿತ್ತು, ಅರ್ಧ ಸುರಂಗ ಅಂದಿದ್ನಲ್ಲ, ಆಫೀಸ್ ನಂಬರ್ ಅನ್ನಿಸಿದ್ದಷ್ಟೇ ಅದ್ರಾಗ ಹೋಗೋದು, ಹಂಗಾಗಿ ಸುರಂಗದ ಕಡಿ ಹೋಗ್ತಾನೇ ಇರ್ಲಿಲ್ಲ. ಸುರಂಗ ಚಲೋನೇ ಇತ್ತು, ಅದಕ್ಕೇ ಹಸಿರು. ಮೊಬೈಲ್ ಹಾಟ್‌ಸ್ಪಾಟ್ ಬ್ಯಾರೆ ಸಾಲಿನ ನಂಬರ್ ಕೊಡ್ತದ, ಅಲ್ಲಿ ಗೊಂದಲ ಇಲ್ಲ, ಫೋಲ್ಡರ್ ತೆರೀತಿತ್ತು.

ರೌಟರ್ ಪುಟದೊಳಗ ಹೋಗಿ ಲ್ಯಾನ್ ಐಪಿ, ಅಂದ್ರ ರೌಟರಿನ ಮನಿ ಒಳಗಿನ ನಂಬರ್, 192.168.1.1 ಇದ್ದದ್ದನ್ನ 192.168.77.1 ಅಂತ ಬದಲು ಮಾಡಿ ರೀಸ್ಟಾರ್ಟ್ ಕೊಟ್ವಿ, 5 ನಿಮಿಷದ ಕೆಲಸ. ಮೊಬೈಲ್, ಟಿವಿ ತಾವೇ ಹೊಸ ನಂಬರ್ ತಗೊಂಡ್ವು, ಹುಡುಗ ವಿಪಿಎನ್ ಒತ್ತಿದ, ಫೋಲ್ಡರ್ ಬಂತು. ಬಾಗಿಲ ಮ್ಯಾಲಿನ ಕ್ಯಾಮೆರಾ ಒಂದಕ್ಕ ಮಾತ್ರ ಹಳೇ ನಂಬರ್ ಕೈಯಾರೆ ಬರದಿಟ್ಟಿದ್ರು, ಅದನ್ನ ಮರುದಿನ ಏಣಿ ತಂದು ಸರಿ ಮಾಡಿದ್ವಿ.